ಹಗುರ ಸ್ಕೋಪ್ ಬೇಕು, ಆದರೆ ಝೀರೋ ಅಲುಗಬಾರದು

ಓದುಗರ ಪ್ರಶ್ನೆ, ರಿಪೇರಿ ಬೆಂಚಿನ ಉತ್ತರ

ಈ ಸಲ ಬಂದ ಕಾಗದಗಳಲ್ಲಿ ಮುಕ್ಕಾಲು ಪಾಲು ರೈಫಲ್ ಸ್ಕೋಪಿನ ಮೇಲೆಯೇ. ಬೈನಾಕ್ಯುಲರ್, ಟೆಲಿಸ್ಕೋಪ್ ಬಗ್ಗೆ ಕೇಳಿದವರು ಮುಂದಿನ ಸಂಚಿಕೆವರೆಗೆ ತಾಳಿಕೊಳ್ಳಬೇಕು. ಬೇಟೆಗೆ ಕಾನೂನಿನ ಒಪ್ಪಿಗೆ ಇರುವ ಕಡೆ, ಪರವಾನಗಿ ಇಟ್ಟುಕೊಂಡು ಹೋಗುವವರಿಗಾಗಿ ಈ ಉತ್ತರಗಳು. ಬರೀ ಕಾಗದದ ಗುರಿಗೆ ಹೊಡೆಯುವವರಿಗೂ ಲೆಕ್ಕ ಇದೇ. ಝೀರೋ ಎಂದರೆ ಗುರಿ ಹಿಡಿದ ಜಾಗಕ್ಕೇ ಗುಂಡು ಬೀಳುವ ಹಾಗೆ ಸ್ಕೋಪನ್ನು ಹೊಂದಿಸಿಟ್ಟ ಸ್ಥಿತಿ.

ಪ್ರಶ್ನೆ: ಮೇಡಂ, ನನ್ನದು 6.5 ಕ್ರೀಡ್‌ಮೂರ್. ಅಂದರೆ ಆ ತೋಟಾ ಹೊಡೆಯುವ ಹಗುರ ರೈಫಲ್, 2.7 ಕಿಲೋ ಅಷ್ಟೇ. ಗುಡ್ಡ ಹತ್ತಿ ಜಿಂಕೆ ಬೇಟೆಗೆ ಹೋಗುತ್ತೇನೆ. ಹೆಚ್ಚೆಂದರೆ 400 ಗಜದವರೆಗೆ ಹೊಡೆಯುವ ಆಸೆ. ಒಬ್ಬ ಗೆಳೆಯ 5-25×56 ತಗೋ ಅನ್ನುತ್ತಾನೆ, ಅದು ಒಂದು ಕಿಲೋ ತೂಗುತ್ತದೆ. ಇನ್ನೊಬ್ಬ 3-9×40 ಸಾಕು ಅನ್ನುತ್ತಾನೆ, ಅದು 400 ಗ್ರಾಂ ಒಳಗೆ. ಹಗುರವಾಗಿಯೂ ಇರಬೇಕು, ನಂಬುವ ಹಾಗೂ ಇರಬೇಕು. ಯಾವುದು ತಗೊಳ್ಳಲಿ?

ಎರಡೂ ಬೇಡ. ನಡುವೆ ಇರುವುದನ್ನು ತಗೊಳ್ಳಿ. 5-25×56 ಎಂದರೆ 5ರಿಂದ 25 ಪಟ್ಟು ದೊಡ್ಡದು ಮಾಡಿ ತೋರಿಸುವ, ಮುಂದಿನ ಗಾಜು 56 ಮಿ.ಮೀ. ಅಗಲದ ಸ್ಕೋಪ್.

ಸ್ಕೋಪಿನ ತೂಕ ಎಲ್ಲಿದೆ ಎಂದು ಮೊದಲು ನೋಡೋಣ. ಮುಂದಿನ ದೊಡ್ಡ ಗಾಜು, ದಪ್ಪ ಕೊಳವೆ, ಜಾಸ್ತಿ ಝೂಮ್‌ಗಾಗಿ ಒಳಗೆ ಸೇರಿಸಿದ ಹೆಚ್ಚುವರಿ ಲೆನ್ಸುಗಳು: ಬಹುಪಾಲು ತೂಕ ಇವುಗಳದ್ದೇ. ಅಂದರೆ ನೀವು 25 ಪಟ್ಟು ಮತ್ತು 56 ಮಿ.ಮೀ. ಕೇಳಿದ ಕೂಡಲೇ ಅರ್ಧ ಕಿಲೋ ಹೆಗಲಿಗೇರಿತು. ಅದರಿಂದ ನಿಮಗೆ ಸಿಗುವುದೇನು?

400 ಗಜದಲ್ಲಿರುವ ಜಿಂಕೆ 10 ಪಟ್ಟಿನಲ್ಲಿ ಬರೀ 40 ಗಜದಲ್ಲಿ ನಿಂತ ಹಾಗೆ ಕಾಣುತ್ತದೆ. 40 ಗಜದಲ್ಲಿ ಜಿಂಕೆಯ ಭುಜ ಕಾಣದಿದ್ದರೆ ಬೇಕಾಗಿರುವುದು ಕಣ್ಣಿನ ಡಾಕ್ಟರು, 25 ಪಟ್ಟಿನ ಸ್ಕೋಪಲ್ಲ. ಬಿಸಿಲು ಏರಿದ ಮೇಲೆ ನೆಲದಿಂದ ಏಳುವ ಝಳ ಬೇರೆ ಇದೆ. ಪಟ್ಟು ಏರಿಸಿದಷ್ಟೂ ಜಿಂಕೆಯ ಜೊತೆಗೆ ಆ ಝಳವೂ ದೊಡ್ಡದಾಗುತ್ತದೆ, ಗುರಿ ಕುಣಿಯತೊಡಗುತ್ತದೆ. ಇನ್ನೊಂದು ತೊಂದರೆ ನೋಟದ ಅಗಲದ್ದು. 25 ಪಟ್ಟಿನಲ್ಲಿ 400 ಗಜದಾಚೆ ಕಾಣುವುದು ಸುಮಾರು 18 ಅಡಿ ಅಗಲ ಮಾತ್ರ. 10 ಪಟ್ಟಿನಲ್ಲಿ 40 ಅಡಿಗಿಂತ ಜಾಸ್ತಿ ಕಾಣುತ್ತದೆ. ನಿಮ್ಮದು ಹಗುರ ರೈಫಲ್, ಒದೆಯುತ್ತದೆ. ಒದ್ದ ಮೇಲೆ ಜಿಂಕೆ ಎಲ್ಲಿ ಹೋಯಿತು, ಗುಂಡು ಎಲ್ಲಿ ತಾಗಿತು, ಎರಡನೇ ಗುಂಡು ಬೇಕೋ ಬೇಡವೋ ಎಂದು ನೋಡಬೇಕಲ್ಲ? 18 ಅಡಿಯ ಕಿಂಡಿಯಲ್ಲಿ ಬರೀ ಪೊದೆ ಕಾಣುತ್ತದೆ.

ಸಂಜೆಯ ಬೆಳಕಿಗೆ 56 ಬೇಕು ಎನ್ನುವವರಿದ್ದಾರೆ. ಮುಂದಿನ ಗಾಜಿನ ಅಗಲವನ್ನು ಪಟ್ಟಿನಿಂದ ಭಾಗಿಸಿ. ಬರುವ ಸಂಖ್ಯೆ ಕಣ್ಣಿಗೆ ತಲುಪುವ ಬೆಳಕಿನ ಕಂಬದ ದಪ್ಪ. 42ನ್ನು 6ರಿಂದ ಭಾಗಿಸಿದರೆ 7 ಮಿ.ಮೀ. ಕತ್ತಲಲ್ಲಿ ಹರೆಯದವರ ಪಾಪೆ ಅರಳುವುದೇ ಸುಮಾರು 7 ಮಿ.ಮೀ., ವಯಸ್ಸಾದ ಹಾಗೆ ಇನ್ನೂ ಕಡಿಮೆ. ಅಂದರೆ 42ರ ಗಾಜನ್ನು 6 ಪಟ್ಟಿಗೆ ಇಳಿಸಿಕೊಂಡರೆ ಕಣ್ಣು ಕುಡಿಯುವಷ್ಟು ಬೆಳಕು ಅದರಲ್ಲೇ ಇದೆ. 56ರ ಗಾಜಿಗೆ ಎತ್ತರದ ರಿಂಗ್, ಅಂದರೆ ಸ್ಕೋಪನ್ನು ರೈಫಲಿಗೆ ಹಿಡಿಯುವ ಬಳೆ, ಬೇಕು. ಸ್ಕೋಪ್ ಮೇಲೇರಿದರೆ ಕೆನ್ನೆ ಹಿಡಿಯನ್ನು ಬಿಟ್ಟು ಮೇಲೇಳುತ್ತದೆ. ಕೆನ್ನೆಗೆ ಆಸರೆ ತಪ್ಪಿದ ಮೇಲೆ ಎಂಥ ಗಾಜಿದ್ದರೂ ಅಷ್ಟೇ.

ಹಾಗಾಗಿ ಪಟ್ಟು ಕಡಿಮೆ ಮಾಡಿ, ಮುಂದಿನ ಗಾಜು ಚಿಕ್ಕದು ಮಾಡಿ. ತೂಕ ಅಲ್ಲಿಂದ ಇಳಿಸಿ. ಒಳಗಿನ ಯಂತ್ರದಿಂದ ಮಾತ್ರ ಇಳಿಸಬೇಡಿ.

ಆ ಯಂತ್ರ ಏನು ಎಂದು ಹೇಳುತ್ತೇನೆ, ಯಾಕೆಂದರೆ ಜಾಹೀರಾತಿನಲ್ಲಿ ಗಾಜಿನ ಗುಣಗಾನ ಇರುತ್ತದೆಯೇ ಹೊರತು ಇದರ ಸುದ್ದಿ ಇರುವುದಿಲ್ಲ. ಸ್ಕೋಪಿನ ಹೊಟ್ಟೆಯೊಳಗೆ ಇನ್ನೊಂದು ಸಣ್ಣ ಕೊಳವೆ ಇದೆ. ಅದರ ಒಂದು ತುದಿ ಕೀಲಿನ ಮೇಲೆ ಕೂತಿರುತ್ತದೆ, ಇನ್ನೊಂದು ತುದಿ ಅಲುಗಾಡುತ್ತದೆ. ಮೇಲಿನ ಟರೆಟ್, ಅಂದರೆ ಗುರಿ ಹೊಂದಿಸುವ ಗುಂಡಿ, ತಿರುಗಿಸಿದರೆ ಒಂದು ತಿರುಪು ಆ ಕೊಳವೆಯನ್ನು ಕೆಳಕ್ಕೆ ಒತ್ತುತ್ತದೆ. ಎದುರಿನಿಂದ ಒಂದು ಸ್ಪ್ರಿಂಗ್ ಅದನ್ನು ವಾಪಸ್ ತಳ್ಳುತ್ತದೆ. ನಿಮ್ಮ ಝೀರೋ ಪೂರ್ತಿ ಈ ತಿರುಪಿಗೂ ಸ್ಪ್ರಿಂಗಿಗೂ ನಡುವೆ ನಿಂತಿದೆ. ಸ್ಪ್ರಿಂಗ್ ಸೊರಗಿದ್ದರೆ ಏನಾಗುತ್ತದೆ ಗೊತ್ತೇ? ನೀವು ಕ್ಲಿಕ್ ತಿರುಗಿಸುತ್ತೀರಿ, ಕೈಗೆ ಟಕ್ ಟಕ್ ಎನ್ನುತ್ತದೆ, ಕೊಳವೆ ಮಾತ್ರ ಅಂಟಿಕೊಂಡು ಅಲ್ಲೇ ಕೂತಿರುತ್ತದೆ. ಎರಡು ಗುಂಡು ಹಾರಿದ ಮೇಲೆ ಆ ಅದುರಿಗೆ ಥಟ್ಟನೆ ಜಾರಿ ತನ್ನ ಜಾಗಕ್ಕೆ ಬರುತ್ತದೆ. ಅಷ್ಟರಲ್ಲಿ ನೀವು ಇನ್ನೂ ನಾಲ್ಕು ಕ್ಲಿಕ್ ತಿರುಗಿಸಿ ಆಗಿರುತ್ತದೆ. ಆಮೇಲೆ ಇಡೀ ಮಧ್ಯಾಹ್ನ ಒಂದಕ್ಕೊಂದು ತಾಳೆಯಾಗದ ತೂತುಗಳು.

ನಿಮ್ಮ ಲೆಕ್ಕಕ್ಕೆ ಬರೋಣ. 200 ಗಜಕ್ಕೆ ಝೀರೋ ಮಾಡಿದ 6.5 ಕ್ರೀಡ್‌ಮೂರ್ ಗುಂಡು 300 ಗಜದಲ್ಲಿ ಸುಮಾರು 8 ಇಂಚು, 400 ಗಜದಲ್ಲಿ ಸುಮಾರು 22 ಇಂಚು ಕೆಳಗೆ ಬೀಳುತ್ತದೆ. ಎಂಒಎ ಅಂದರೆ ಒಂದು ಡಿಗ್ರಿಯ 60ನೇ ಒಂದು ಪಾಲು. 400 ಗಜದಲ್ಲಿ ಅದು 4.19 ಇಂಚಿಗೆ ಸಮ. 22 ಇಂಚಿಗೆ 5.25 ಎಂಒಎ ಆಯಿತು. ಕಾಲು ಎಂಒಎ ಕ್ಲಿಕ್ಕಾದರೆ 21 ಕ್ಲಿಕ್. ಈ 21 ಕ್ಲಿಕ್ ಮೇಲೆ ಹೋಗಿ, ಅಷ್ಟೇ 21 ಕೆಳಗೆ ಬಂದು, ಮೊದಲಿದ್ದ ಜಾಗದಲ್ಲೇ ನಿಲ್ಲಬೇಕು. ನಿಮ್ಮ ಸ್ಕೋಪಿನಿಂದ ನಾನು ಕೇಳುವುದು ಇಷ್ಟೇ.

ಹಾಗಾಗಿ ನೀವು ಹುಡುಕಬೇಕಾದ್ದು 2.5-10×42 ಅಥವಾ 3-15×44 ಅಳತೆಯದು, ತೂಕ 450ರಿಂದ 650 ಗ್ರಾಂ ನಡುವೆ. ಮೇಲಿನ ಟರೆಟ್‌ಗೆ ಝೀರೋ ಸ್ಟಾಪ್ ಇರಲಿ, ಅಂದರೆ ಕತ್ತಲಲ್ಲಿ ಕೆಳಕ್ಕೆ ತಿರುಗಿಸಿದರೂ ಝೀರೋಗೆ ಬಂದು ತಡೆದು ನಿಲ್ಲಬೇಕು. ಪಕ್ಕದ ಟರೆಟ್‌ಗೆ ಮುಚ್ಚಳ ಇರಲಿ. ಚೀಲದಿಂದ ಎಳೆಯುವಾಗ ಉಜ್ಜಿ ತಾನಾಗೇ ತಿರುಗಿದ ಪಕ್ಕದ ಟರೆಟ್‌ಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಹೆಸರು ಹೇಳಿ ಅನ್ನುತ್ತೀರಿ, ಗೊತ್ತು. ಎರಡು ತುದಿ ತೋರಿಸುತ್ತೇನೆ. ಸ್ವರೋವ್ಸ್ಕಿಯ ಝಡ್5 3.5-18×44 ಸುಮಾರು 450 ಗ್ರಾಂ. ನೈಟ್‌ಫೋರ್ಸ್‌ನ ಎನ್‌ಎಕ್ಸ್‌ಎಸ್ 2.5-10×42 ಸುಮಾರು 580 ಗ್ರಾಂ. ಮೊದಲನೆಯದರಲ್ಲಿ ತೂಕ ಉಳಿಸಿ ಒಳ್ಳೆಯ ಗಾಜು ಕೊಟ್ಟಿದ್ದಾರೆ. ಎರಡನೆಯದು ದಿನವಿಡೀ ಟರೆಟ್ ತಿರುಗಿಸುವವರಿಗೆ. ಗುಡ್ಡ ಹತ್ತುವಾಗ ಜಾರಿ ಬೀಳುವುದು, ರೈಫಲ್ ಬಂಡೆಗೆ ತಾಗುವುದು ಇದ್ದದ್ದೇ. ನನ್ನನ್ನು ಕೇಳಿದರೆ ಆ 130 ಗ್ರಾಂ ಹೊತ್ತುಕೊಂಡೇ ಹೋಗಿ. 300 ಗಜ ದಾಟುವುದಿಲ್ಲ, ಟರೆಟ್ ಮುಟ್ಟುವುದೇ ಇಲ್ಲ ಎಂದಾದರೆ ಮಾತ್ರ ನಿಮ್ಮ ಎರಡನೇ ಗೆಳೆಯ ಹೇಳಿದ 3-9×40 ಸಾಕು. ಅವನೇನೂ ತಪ್ಪು ಹೇಳಿಲ್ಲ, ಅವನ ಬೇಟೆ ಬೇರೆ ಇರಬೇಕು.

ಪ್ರಶ್ನೆ: ಸ್ಕೋಪ್ ತಂದಾಯಿತು. ಕ್ಲಿಕ್ ಸರಿ ಇದೆಯೋ ಇಲ್ಲವೋ ಎಂದು ನಾನೇ ಪರೀಕ್ಷೆ ಮಾಡುವುದು ಹೇಗೆ? ಗುಂಡು ಜಾಸ್ತಿ ಖರ್ಚಾಗಬಾರದು.

ಗುಂಡೇ ಬೇಡ, ಮೊದಲ ಸುತ್ತಿಗೆ. ಚೇಂಬರ್ ಖಾಲಿ ಮಾಡಿ, ಬೋಲ್ಟ್ ತೆಗೆದಿಡಿ. ರೈಫಲನ್ನು ವೈಸಿನಲ್ಲಿ ಅಲುಗದ ಹಾಗೆ ಬಿಗಿ ಮಾಡಿ. 100 ಗಜ ದೂರದಲ್ಲಿ ಎತ್ತರದ ಹಲಗೆ ನಿಲ್ಲಿಸಿ, ಅದರ ಮೇಲೆ ಅಳತೆ ಪಟ್ಟಿ ಅಂಟಿಸಿ. 100 ಗಜವನ್ನು ಹೆಜ್ಜೆ ಹಾಕಿ ಅಳೆಯಬೇಡಿ, ಟೇಪ್ ಹಿಡಿಯಿರಿ. ದೂರ ಐದು ಗಜ ತಪ್ಪಿದರೆ ಪರೀಕ್ಷೆಯ ಫಲವೂ ನೂರಕ್ಕೆ ಐದು ತಪ್ಪುತ್ತದೆ, ನೀವು ಸುಮ್ನೆ ಸ್ಕೋಪನ್ನು ಬೈಯುತ್ತೀರಿ. ಅಳತೆ ಪಟ್ಟಿ ನೆಟ್ಟಗಿದೆಯೇ ಎಂದು ನೂಲುಗುಂಡು ಇಳಿಬಿಟ್ಟು ನೋಡಿ.

ಈಗ ಸ್ಕೋಪಿನೊಳಗೆ ಕಾಣುವ ಗುರಿಗೆರೆಯ, ಅಂದರೆ ರೆಟಿಕಲ್‌ನ ನಡುವನ್ನು ಪಟ್ಟಿಯ ಒಂದು ಗೆರೆಗೆ ತಾಗಿಸಿ, ಟರೆಟ್ 20 ಎಂಒಎ ತಿರುಗಿಸಿ. 100 ಗಜದಲ್ಲಿ 1 ಎಂಒಎ ಎಂದರೆ 1.047 ಇಂಚು, ಹಾಗಾಗಿ ರೆಟಿಕಲ್ 20.94 ಇಂಚು ಸರಿಯಬೇಕು. ಬರೀ 20 ಇಂಚು ಸರಿದರೆ ಕ್ಲಿಕ್ ನೂರಕ್ಕೆ ನಾಲ್ಕೂವರೆ ಕಮ್ಮಿ. 400 ಗಜದಲ್ಲಿ ಅದರಿಂದ ಒಂದು ಇಂಚು ಹೋಗುತ್ತದೆ, ಜಿಂಕೆಯ ಗುಂಡಿಗೆಯ ಅಳತೆಗೆ ದೊಡ್ಡದೇನಲ್ಲ. ಎಷ್ಟು ಕಮ್ಮಿ ಎಂದು ಬರೆದಿಟ್ಟುಕೊಂಡು ಲೆಕ್ಕದಲ್ಲಿ ಸೇರಿಸಿದರೆ ಆಯಿತು. ಸಹಿಸಲಾಗದ ದೋಷ ಬೇರೆಯೇ ಇದೆ. ವಾಪಸ್ ಸೊನ್ನೆಗೆ ತಿರುಗಿಸಿದಾಗ ರೆಟಿಕಲ್ ಮೊದಲಿನ ಗೆರೆಗೆ ಬರಲಿಲ್ಲವೋ, ಸ್ಕೋಪ್ ವಾಪಸ್ ಕೊಡಿ. ಕ್ಲಿಕ್ ಚಿಕ್ಕದಿದ್ದರೂ ಒಂದೇ ಸಮ ಇದ್ದರೆ ಸುಧಾರಿಸಬಹುದು. ದಿನಕ್ಕೊಂದು ಮಾತಾಡುವ ಸ್ಕೋಪಿಗೆ ಮದ್ದಿಲ್ಲ.

ರೈಫಲ್ ನೆಟ್ಟಗಿದ್ದೂ, ಮೇಲೆ ಹೋಗುವಾಗ ರೆಟಿಕಲ್ ಪಟ್ಟಿಯಿಂದ ಪಕ್ಕಕ್ಕೆ ವಾಲಿದರೆ ಸ್ಕೋಪ್ ರಿಂಗಿನಲ್ಲಿ ತಿರುಚಿ ಕೂತಿದೆ. ಇದನ್ನು ಸರಿ ಮಾಡಿಕೊಳ್ಳಲೇಬೇಕು. 5 ಡಿಗ್ರಿ ವಾಲಿದರೂ 400 ಗಜದಲ್ಲಿ ಗುಂಡು ಸುಮಾರು 2 ಇಂಚು ಪಕ್ಕಕ್ಕೆ ಹೋಗುತ್ತದೆ.

ಎರಡನೇ ಸುತ್ತು ಗುಂಡಿನದು. ಮೂರು ಹೊಡೆಯಿರಿ, 20 ಎಂಒಎ ಮೇಲೆ ಕೆಳಗೆ ಹತ್ತಾರು ಸಲ ತಿರುಗಿಸಿ ಸೊನ್ನೆಗೆ ತನ್ನಿ, ಮತ್ತೆ ಮೂರು ಹೊಡೆಯಿರಿ. ಆರೂ ಒಂದೇ ಗುಂಪಿನಲ್ಲಿ ಬೀಳಬೇಕು. ಆಮೇಲೆ ರೈಫಲ್ ಖಾಲಿ ಮಾಡಿ, ನೆಲಕ್ಕೆ ದಪ್ಪ ಮ್ಯಾಟ್ ಹಾಸಿ, ಮೊಣಕಾಲೆತ್ತರದಿಂದ ಎಡಕ್ಕೊಮ್ಮೆ, ಬಲಕ್ಕೊಮ್ಮೆ, ಸ್ಕೋಪಿನ ಮೇಲ್ಭಾಗ ಕೆಳಗಾಗಿ ಒಮ್ಮೆ ಬೀಳಿಸಿ. ಮತ್ತೆ ಮೂರು ಗುಂಡು. ಹೊಸ ಸ್ಕೋಪನ್ನು ಬೀಳಿಸಲು ಜೀವ ಒಪ್ಪುವುದಿಲ್ಲ, ಅಲ್ವಾ? ಗುಡ್ಡದಲ್ಲಿ ಬೀಳುವಾಗ ಮ್ಯಾಟ್ ಇರುವುದಿಲ್ಲ.

ಪ್ರಶ್ನೆ: ರೆಟಿಕಲ್ ಮೊದಲ ಫೋಕಲ್ ಪ್ಲೇನಿನಲ್ಲಿ ಇರಬೇಕೋ ಎರಡನೆಯದರಲ್ಲೋ? ನಿಮಗೆ ಗೊತ್ತಿಲ್ಲದಿದ್ದರೆ ಯಜಮಾನರನ್ನು ಕೇಳಿ ಬರೆಯಿರಿ ಮೇಡಂ.

ಯಜಮಾನರಿಗೆ ನಿಮ್ಮ ಕಾಗದ ತೋರಿಸಿದೆ. ಅವರಿಗೆ ಬಂದೂಕೆಂದರೇ ಆಗದು. ಓದಿ ನಕ್ಕು ವಾಪಸ್ ಕೊಟ್ಟರು. ಹಾಗಾಗಿ ಉತ್ತರ ನನ್ನದೇ.

ರೆಟಿಕಲ್ ಝೂಮ್ ಲೆನ್ಸುಗಳ ಮುಂದೆ ಕೂತಿದ್ದರೆ ಮೊದಲ ಪ್ಲೇನು, ಹಿಂದೆ ಕಣ್ಣಿನ ಕಡೆ ಕೂತಿದ್ದರೆ ಎರಡನೆಯದು. ಎರಡನೇ ಪ್ಲೇನಿನ ರೆಟಿಕಲ್ ಪಟ್ಟು ಬದಲಾದರೂ ಕಣ್ಣಿಗೆ ಒಂದೇ ಅಳತೆ ಕಾಣುತ್ತದೆ. ಅದರ ಗೆರೆಗಳ ಲೆಕ್ಕ ಮಾತ್ರ ಒಂದೇ ಪಟ್ಟಿನಲ್ಲಿ ಸರಿ, ಸಾಮಾನ್ಯವಾಗಿ ಕೊನೆಯ ಪಟ್ಟಿನಲ್ಲಿ. 10 ಪಟ್ಟಿನಲ್ಲಿ 4 ಎಂಒಎ ತೋರಿಸುವ ಗೆರೆ 5 ಪಟ್ಟಿಗೆ ಇಳಿಸಿದರೆ 8 ಎಂಒಎ ಆಗಿಬಿಡುತ್ತದೆ. ಮೊದಲ ಪ್ಲೇನಿನದು ಪಟ್ಟಿನ ಜೊತೆಗೇ ಹಿಗ್ಗಿ ಕುಗ್ಗುತ್ತದೆ, ಲೆಕ್ಕ ಎಲ್ಲ ಪಟ್ಟಿನಲ್ಲೂ ಸರಿ. ಆದರೆ ಮಬ್ಬುಗತ್ತಲಲ್ಲಿ 3 ಪಟ್ಟಿಗೆ ಇಳಿಸಿದಾಗ ಅದು ಕೂದಲೆಳೆಯಾಗಿ ಮರದ ನೆರಳಿನಲ್ಲಿ ಮಾಯವಾಗುತ್ತದೆ. ಬೇಟೆಗೆ, 10 ಪಟ್ಟಿನ ಒಳಗೆ, ಟರೆಟ್ ತಿರುಗಿಸಿ ಹೊಡೆಯುವವರಿಗೆ ಎರಡನೆಯದು. ಗೆರೆ ನೋಡಿಯೇ ಹೊಡೆಯುವವರಿಗೆ ಮೊದಲನೆಯದು, ದೀಪ ಹೊತ್ತುವ ರೆಟಿಕಲ್ ಜೊತೆಗೆ.

ಒಂದು ಮಾತು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ರೆಟಿಕಲ್ ಮಿಲ್‌ನಲ್ಲಿ, ಟರೆಟ್ ಎಂಒಎಯಲ್ಲಿ ಇರುವ ಸ್ಕೋಪ್ ತಗೊಳ್ಳಬೇಡಿ. ಮಿಲ್ ಕೂಡ ಎಂಒಎಯಂತೆ ಕೋನದ ಅಳತೆ, ಒಂದು ಮಿಲ್ ಎಂದರೆ 3.44 ಎಂಒಎ. ಜಿಂಕೆ ಎದುರಿಗೆ ನಿಂತಾಗ ಈ ಗುಣಾಕಾರ ಯಾರಿಗೂ ಬರುವುದಿಲ್ಲ.

ಪ್ರಶ್ನೆ: ಪ್ರತಿ ಸಲ ಪ್ರಯಾಣ ಮಾಡಿ ಬಂದ ಮೇಲೆ ನನ್ನ ಝೀರೋ ಎರಡು ಮೂರು ಇಂಚು ಸರಿದಿರುತ್ತದೆ. ಸ್ಕೋಪ್ ಹಾಳಾಗಿದೆ, ಬದಲಾಯಿಸಿ ಎಂದು ಅಂಗಡಿಯವರು ಹೇಳುತ್ತಾರೆ.

ಬದಲಾಯಿಸುವ ಮೊದಲು ರಿಂಗ್ ಬಿಚ್ಚಿ ನೋಡಿ. "ಸ್ಕೋಪ್ ಹಾಳಾಗಿದೆ" ಎಂದು ನನ್ನ ಬೆಂಚಿಗೆ ಬರುವವುಗಳಲ್ಲಿ ಎಷ್ಟೋ ಸ್ಕೋಪುಗಳು ಆರೋಗ್ಯವಾಗಿಯೇ ಇರುತ್ತವೆ. ರೋಗ ಕೆಳಗಡೆ, ತಿರುಪುಗಳಲ್ಲಿ.

ರಿಂಗಿನ ಮೇಲುಭಾಗ ತೆಗೆದಾಗ ಕೊಳವೆಯ ಮೇಲಿನ ಗುರುತು ಗಮನಿಸಿ. ರಿಂಗಿನ ಅಂಚಿನಲ್ಲಿ ಮಾತ್ರ ಹೊಳೆಯುವ ಕಮಾನಿನಾಕಾರದ ಗೆರೆ ಇದ್ದರೆ, ಎರಡು ರಿಂಗ್ ಒಂದೇ ನೇರದಲ್ಲಿಲ್ಲ. ಅವು ಕೊಳವೆಯನ್ನು ಬಗ್ಗಿಸಿ ಹಿಡಿದಿವೆ. ಉದ್ದುದ್ದ ಗೀರಿದ್ದರೆ ಪ್ರತಿ ಗುಂಡಿಗೂ ಸ್ಕೋಪ್ ಮುಂದಕ್ಕೆ ಜಾರುತ್ತಿದೆ. ಏನೂ ಇಲ್ಲದಿದ್ದರೆ ಇನ್ನೂ ಕೆಳಗೆ ಹೋಗಿ: ಬೇಸನ್ನು ರೈಫಲಿಗೆ ಹಿಡಿದಿರುವ ತಿರುಪುಗಳು. ಬೆರಳಲ್ಲೇ ತಿರುಗುವ ಬೇಸ್ ತಿರುಪು ಕಂಡರೆ ಆಶ್ಚರ್ಯಪಡಬೇಡಿ.

ಎಲ್ಲ ಬಿಚ್ಚಿ, ತಿರುಪಿನ ರಂಧ್ರದ ಎಣ್ಣೆ ಒರೆಸಿ, ಬೇಸ್ ತಿರುಪಿಗೆ ತಿರುಪು ಸಡಿಲವಾಗದಂತೆ ಹಿಡಿಯುವ, ಬೇಕಾದಾಗ ಕಳಚಬಹುದಾದ ಬಗೆಯ ಥ್ರೆಡ್‌ಲಾಕರ್ ಒಂದು ಹನಿ ಹಾಕಿ, ಟಾರ್ಕ್ ಸ್ಕ್ರೂಡ್ರೈವರಿನಲ್ಲಿ ಬಿಗಿ ಮಾಡಿ. ರಿಂಗಿನ ಮೇಲುಭಾಗದ ತಿರುಪಿಗೆ ಬಹಳಷ್ಟು ಕಡೆ 15ರಿಂದ 18 ಇಂಚ್-ಪೌಂಡ್ ಹೇಳಿರುತ್ತಾರೆ. ನಿಮ್ಮ ರಿಂಗಿನ ಕಾಗದದಲ್ಲಿ ಏನಿದೆಯೋ ಅಷ್ಟೇ ಮಾಡಿ. ಕೈ ಅಳತೆಯಲ್ಲಿ ಬಿಗಿ ಮಾಡುವ ಪೈಲ್ವಾನರು ಕೊಳವೆಯನ್ನೇ ಹಿಸುಕುತ್ತಾರೆ. ಆಗ ಒಳಗಿನ ಕೊಳವೆ ಸರಾಗವಾಗಿ ಓಡುವುದಿಲ್ಲ, ಝೂಮ್ ಬಿಗಿಯಾಗುತ್ತದೆ.

ತೂಕ ಉಳಿಸಲು ಹೊರಟವರು ರಿಂಗಿನಲ್ಲೂ ಉಳಿಸಬಹುದು. ಒಳ್ಳೆಯ ಅಲ್ಯುಮಿನಿಯಂ ರಿಂಗ್ ಜೋಡಿ 100 ಗ್ರಾಂ ಆಸುಪಾಸು ಸಿಗುತ್ತದೆ, ಉಕ್ಕಿನದು ಅದರ ದುಪ್ಪಟ್ಟು ತೂಗಬಹುದು. ಹಗುರವಾದದ್ದು ತಗೊಳ್ಳಿ, ಅಗ್ಗದ್ದು ಬೇಡ.

ಪ್ರಶ್ನೆ: 30 ಮಿ.ಮೀ. ಕೊಳವೆ 1 ಇಂಚಿನದಕ್ಕಿಂತ ಜಾಸ್ತಿ ಬೆಳಕು ಬಿಡುತ್ತದಂತೆ, ನಿಜವೇ?

ಇಲ್ಲ. ದಪ್ಪ ಕೊಳವೆಯಿಂದ ಸಿಗುವುದು ಒಳಕೊಳವೆಗೆ ಓಡಾಡಲು ಜಾಗ, ಅಂದರೆ ಟರೆಟ್ ಇನ್ನಷ್ಟು ತಿರುಗುತ್ತದೆ. 400 ಗಜಕ್ಕೆ 1 ಇಂಚಿನ, ಅಂದರೆ 25.4 ಮಿ.ಮೀ. ಕೊಳವೆಯಲ್ಲೂ ಆ ಜಾಗ ಸಾಕಷ್ಟಿದೆ.

ಬೆಳಕನ್ನು ಉಳಿಸುವುದು ಗಾಜಿನ ಮೇಲಿನ ಲೇಪ. ಲೇಪವಿಲ್ಲದ ಗಾಜಿನ ಪ್ರತಿ ಮೇಲ್ಮೈಯಲ್ಲೂ ಸುಮಾರು ನೂರಕ್ಕೆ 4 ಪಾಲು ಬೆಳಕು ವಾಪಸ್ ಹೋಗುತ್ತದೆ. 10 ಮೇಲ್ಮೈ ದಾಟುವಷ್ಟರಲ್ಲಿ ಮೂರನೇ ಒಂದು ಪಾಲು ಮಾಯ. 1935ರಲ್ಲಿ ಝೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲಾ ಪ್ರತಿಫಲನ ತಡೆಯುವ ಲೇಪ ಕಂಡುಹಿಡಿದರು. ಇವತ್ತು ಮುಸ್ಸಂಜೆಯಲ್ಲಿ ನಿಮಗೆ ಜಿಂಕೆಯ ಕೊಂಬು ಕಾಣುವುದು ಆ ಕೆಲಸದಿಂದ. ಸ್ಕೋಪಿನ ಕಾಗದದಲ್ಲಿ ಎಲ್ಲ ಮೇಲ್ಮೈಗೂ ಹಲವು ಪದರ ಲೇಪ ಇದೆ ಎಂದಿರಬೇಕು. ಆ ಲೇಪವನ್ನು ಅಂಗಿಯ ತುದಿಯಿಂದ ಉಜ್ಜಬೇಡಿ. ಮೊದಲು ಧೂಳು ಊದಿ, ಮೆತ್ತನೆ ಬ್ರಷ್ ಆಡಿಸಿ, ಆಮೇಲೆ ಲೆನ್ಸ್ ಬಟ್ಟೆ.

ಪ್ರಶ್ನೆ: ಚಳಿಯಿಂದ ಬೆಚ್ಚನೆ ಕೋಣೆಗೆ ತಂದ ಕೂಡಲೇ ಸ್ಕೋಪ್ ಮಂಜಾಗುತ್ತದೆ. ಹಾಳಾಯಿತೇ?

ಬಟ್ಟೆಯಿಂದ ಒರೆಸಿದರೆ ಹೋಗುತ್ತದೆಯೇ? ಹೊರಗಿನ ಮಂಜು, ಚಿಂತೆಯಿಲ್ಲ. ಒರೆಸಿದರೂ ಹೋಗದಿದ್ದರೆ ಒಳಗೆ ತೇವ ಸೇರಿದೆ, ಸೀಲ್ ಸೋತಿದೆ, ರಿಪೇರಿಗೆ ಕಳಿಸಿ. ಸ್ಕೋಪಿನೊಳಗೆ ಒಣ ನೈಟ್ರೋಜನ್ ಅಥವಾ ಆರ್ಗಾನ್ ತುಂಬಿರುವುದೇ ಈ ಕಾರಣಕ್ಕೆ. ನೀವೇ ಬಿಚ್ಚಿ ಬಿಸಿಲಿಗಿಡುವ ಸಾಹಸ ಬೇಡ, ಅನಿಲ ಹೋದರೆ ಮನೆಯಲ್ಲಿ ತುಂಬಲಾಗದು.

ಪ್ರಶ್ನೆ: ಪಕ್ಕದಲ್ಲಿ ಪ್ಯಾರಲಾಕ್ಸ್ ಗುಂಡಿ ಇಲ್ಲದ ಸ್ಕೋಪ್ ಹಗುರವಾಗಿದೆ. ಅದಿಲ್ಲದೆ ನಡೆಯುತ್ತದೆಯೇ?

ಪ್ಯಾರಲಾಕ್ಸ್ ಎಂದರೆ ಕಣ್ಣು ಅತ್ತಿತ್ತ ಸರಿದಾಗ ರೆಟಿಕಲ್ ಗುರಿಯ ಮೇಲೆ ಸರಿದ ಹಾಗೆ ಕಾಣುವುದು. ನಿಮ್ಮ ಕೆನ್ನೆ ಪ್ರತಿ ಸಲ ಒಂದೇ ಕಡೆ ಕೂರುತ್ತದೆ ಎಂದಾದರೆ ನಡೆಯುತ್ತದೆ. ಗುಂಡಿಯಿಲ್ಲದ ಬೇಟೆ ಸ್ಕೋಪುಗಳನ್ನು ಸಾಮಾನ್ಯವಾಗಿ 100 ಅಥವಾ 150 ಗಜಕ್ಕೆ ಹೊಂದಿಸಿರುತ್ತಾರೆ. 100 ಗಜಕ್ಕೆ ಹೊಂದಿಸಿದ 40 ಮಿ.ಮೀ. ಗಾಜಿನಲ್ಲಿ, ಕಣ್ಣು ಪೂರ್ತಿ ಅಂಚಿಗೆ ಸರಿದರೂ 400 ಗಜದಲ್ಲಿ ಆಗುವ ಗರಿಷ್ಠ ತಪ್ಪು ಸುಮಾರು 60 ಮಿ.ಮೀ., ಅಂದರೆ ಎರಡೂಕಾಲು ಇಂಚಿನ ಆಸುಪಾಸು. ಕಣ್ಣು ನಡುವಿನಲ್ಲಿದ್ದರೆ ತಪ್ಪೇ ಇಲ್ಲ. ನೋಟದ ಸುತ್ತ ಕಪ್ಪು ನೆರಳು ಎಲ್ಲ ಕಡೆ ಒಂದೇ ದಪ್ಪ ಇದೆಯೇ ಎಂದು ನೋಡಿದರೆ ಕಣ್ಣು ಎಲ್ಲಿದೆ ಎಂದು ತಿಳಿಯುತ್ತದೆ. 12 ಪಟ್ಟಿಗಿಂತ ಮೇಲೆ ಹೋಗುವುದಾದರೆ ಗುಂಡಿ ಇರಲಿ. ಅಲ್ಲಿ ಪ್ಯಾರಲಾಕ್ಸಿಗಿಂತ ಚಿತ್ರ ಸ್ಪಷ್ಟ ಮಾಡಿಕೊಳ್ಳಲು ಅದು ಬೇಕು.

ಪ್ರಶ್ನೆ: ಹುಬ್ಬಿಗೆ ಸ್ಕೋಪ್ ಬಡಿದು ಎರಡು ಸಲ ರಕ್ತ ಬಂತು. ರೈಫಲ್ ಹಗುರವಾದದ್ದೇ ತಪ್ಪಾಯಿತೇ?

ಹಗುರ ರೈಫಲ್ ಜಾಸ್ತಿ ಒದೆಯುತ್ತದೆ, ಹೌದು. ಆದರೆ ತಪ್ಪು ಕಣ್ಣಿಗೂ ಸ್ಕೋಪಿಗೂ ಇರುವ ಅಂತರದ್ದು. ನಿಮ್ಮಂಥ ರೈಫಲಿಗೆ 90 ಮಿ.ಮೀ.ಗಿಂತ ಕಡಿಮೆ ಅಂತರದ ಸ್ಕೋಪ್ ಬೇಡ. ಕೆಲವು ಸ್ಕೋಪುಗಳಲ್ಲಿ ಪಟ್ಟು ಏರಿಸಿದಾಗ ಈ ಅಂತರ ಕುಗ್ಗುತ್ತದೆ, ಹಾಗಾಗಿ ಕೊನೆಯ ಪಟ್ಟಿನಲ್ಲಿಟ್ಟು, ಬೇಟೆಯ ಜಾಕೆಟ್ ಹಾಕಿಕೊಂಡು, ಮಲಗಿ ಗುರಿ ಹಿಡಿದು ಅಳೆಯಿರಿ. ಮಲಗಿದಾಗ ಕುತ್ತಿಗೆ ಮುಂದಕ್ಕೆ ಚಾಚುತ್ತದೆ. ಹುಬ್ಬು ಒಡೆಯುವುದು ಹೆಚ್ಚಾಗಿ ಆ ಭಂಗಿಯಲ್ಲೇ.

ಪ್ರಶ್ನೆ: ತೂಕ ಉಳಿಸಲು ಬೈನಾಕ್ಯುಲರ್ ಮನೆಯಲ್ಲೇ ಬಿಟ್ಟು ಸ್ಕೋಪಿನಲ್ಲೇ ಪ್ರಾಣಿ ಹುಡುಕಬಹುದೇ?

ಖಂಡಿತ ಬೇಡ. ಸ್ಕೋಪಿನಲ್ಲಿ ಹುಡುಕುವುದೆಂದರೆ ಎದುರು ಅಲುಗಿದ ಪ್ರತಿಯೊಂದರ ಮೇಲೂ ನಳಿಕೆ ತಿರುಗಿಸುವುದು. ಪೊದೆಯಲ್ಲಿ ಅಲುಗಿದ್ದು ಇನ್ನೊಬ್ಬ ಬೇಟೆಗಾರನಾಗಿದ್ದರೆ? ಬೈನಾಕ್ಯುಲರ್ ತಗೊಂಡು ಹೋಗಿ, ದೂರ ಅಳೆಯುವ ಲೇಸರನ್ನೂ ತಗೊಂಡು ಹೋಗಿ. ಸ್ಕೋಪಿಗೆ ಕಣ್ಣಿಡುವುದು ಎದುರಿಗಿರುವುದು ಏನು ಎಂದು ಖಾತ್ರಿಯಾದ ಮೇಲೆ.

ದೂರದ ಬಗ್ಗೆಯೂ ನೀವು ಕಾಗದದ ಕೊನೆಯಲ್ಲಿ ಕೇಳಿದ್ದೀರಿ, 500 ಗಜ ಹೊಡೆಯಬಹುದೇ ಎಂದು. 400 ಗಜಕ್ಕೇ ಗುಂಡು ತಲುಪಲು ಅರ್ಧ ಸೆಕೆಂಡು ಬೇಕು, ಅಷ್ಟರಲ್ಲಿ ಜಿಂಕೆ ಒಂದು ಹೆಜ್ಜೆ ಇಟ್ಟಿರುತ್ತದೆ. ಗಂಟೆಗೆ 16 ಕಿ.ಮೀ. ಅಡ್ಡಗಾಳಿ ಇದ್ದರೆ 6.5 ಕ್ರೀಡ್‌ಮೂರ್ ಗುಂಡು ಅಲ್ಲಿ 10 ಇಂಚಿನ ಆಸುಪಾಸು ಸರಿಯುತ್ತದೆ. ಆ ಗಾಳಿಯನ್ನು ಅಳೆಯುವ ಸ್ಕೋಪನ್ನು ನಾನಿನ್ನೂ ನೋಡಿಲ್ಲ. ಮಲಗಿ, ಗಾಳಿಯಲ್ಲಿ, ಮೊದಲ ಗುಂಡನ್ನೇ 8 ಇಂಚಿನ ತಟ್ಟೆಗೆ ಪ್ರತಿ ಸಲ ಹೊಡೆಯುವ ದೂರ ಎಷ್ಟೋ ನಿಮ್ಮ ಬೇಟೆಯ ದೂರವೂ ಅಷ್ಟೇ ಇರಲಿ. ಅದು 280 ಗಜ ಬಂದರೆ 280.